ಒಲೆ ಹಚ್ಚದಿದ್ದರೂ ಆಗುವ ಖರ್ಚು

ಸಂಕ್ರಾಂತಿ ಹತ್ತಿರ ಬಂತೆಂದರೆ ನನಗೆ ಈಗಲೂ ಮನಸ್ಸಿನಲ್ಲಿ ಒಂಥರಾ ಕಸಿವಿಸಿ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಬೀದಿಗೆಲ್ಲ ಎಳ್ಳು ಬೀರುವ ನಾನೇ, 2024ರ ಸಂಕ್ರಾಂತಿಗೆ ಹತ್ತು ದಿನ ಮುಂಚೆ ಒಬ್ಬ ಬಡ ಹೆಂಗಸಿಗೆ ಆಡಬಾರದ ಮಾತು ಆಡಿದ್ದೆ. ಕಾರಣ ಇಷ್ಟೇ, ನನಗೆ ಲೆಕ್ಕ ಗೊತ್ತಿರಲಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ, ಕೂಡುವುದು ಕಳೆಯುವುದು ಚೆನ್ನಾಗಿಯೇ ಬರುತ್ತದೆ. ಆದರೆ ಯಾವುದನ್ನು ಯಾವುದರ ಜೊತೆ ಕೂಡಬೇಕು ಅನ್ನುವುದು ಬರುತ್ತಿರಲಿಲ್ಲ. ನನ್ನ ಹಾಗೆ ಹಪ್ಪಳ, ಸಂಡಿಗೆ, ಚಕ್ಕುಲಿ ಮಾಡಿ ಮಾರಿ ನಾಲ್ಕು ಕಾಸು ನೋಡುವ ಸೋದರಿಯರು ಬಹಳ ಮಂದಿ ಇದ್ದೀರಿ. ನಿಮಗಾದರೂ ಈ ತಪ್ಪು ಆಗದಿರಲಿ ಅಂತ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು. ನಮ್ಮ ಯಜಮಾನರಿಗೆ ಕೊಬ್ಬರಿ ಮಂಡಿಯಲ್ಲಿ ಕೆಲಸ. 2020ರಲ್ಲಿ ಲಾಕ್‌ಡೌನ್ ಆಗಿ ಅರ್ಧ ಸಂಬಳ ಬಂದಾಗ ನಾನು ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಅಕ್ಕಪಕ್ಕದವರಿಗೆ ಕೊಡಲು ಶುರುಮಾಡಿದೆ. ಆಗ ಲೆಕ್ಕವೇ ಬೇಕಿರಲಿಲ್ಲ. ಮನೆ ಒಲೆ, ಮನೆ ಬಾಣಲೆ, ನನ್ನ ಎರಡು ಕೈ. ಹಿಟ್ಟು, ಎಣ್ಣೆ, ಗ್ಯಾಸಿನ ಖರ್ಚು ಕಳೆದು ಉಳಿದದ್ದು ಸಾಸಿವೆ ಡಬ್ಬಿಗೆ. ಆರ್ಡರ್ ಬರದ ವಾರ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಅಂಗಡಿಗಳವರು ಕೇಳುವುದು ಹೆಚ್ಚಾದಾಗ, 2023ರ ಶ್ರಾವಣದಲ್ಲಿ ಧೈರ್ಯ ಮಾಡಿ ಒಂದು ರೂಮು ಹಿಡಿದೆ. ಬಾಡಿಗೆ ತಿಂಗಳಿಗೆ 3500 ರೂಪಾಯಿ. ಹಿಟ್ಟು ಬೀಸುವ, ಕಲಸುವ ಮಿಷನ್ನಿಗೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದೆ, ಕಂತು 2200. ಹಿಂದಿನ ಬೀದಿಯ ಒಬ್ಬ ಹೆಂಗಸನ್ನು 7000 ರೂಪಾಯಿ ಸಂಬಳಕ್ಕೆ ಇಟ್ಟುಕೊಂಡೆ. ಗಂಡ ಇಲ್ಲ, ಒಂದು ಹೆಣ್ಣು ಮಗು. ಅವಳ ಹೆಸರು ಇಲ್ಲಿ ಬೇಡ. ಕೈ ಮಾತ್ರ ಅಚ್ಚಿನ ಹಾಗೆ, ಅವಳು ಒತ್ತಿದ ಚಕ್ಕುಲಿ ಒಂದಕ್ಕೊಂದು ಅವಳಿ ಜವಳಿ.

ಗೌರಿ ಗಣೇಶ ಬಂದ ಸೆಪ್ಟೆಂಬರಿನಲ್ಲಿ 220 ಕೆ.ಜಿ. ಹೋಯಿತು. ಅಂಗಡಿಗೆ ಕೆ.ಜಿ.ಗೆ 250ರಂತೆ 55,000 ರೂಪಾಯಿ ಬಂತು. ಎಲ್ಲಾ ಖರ್ಚು ಕೂಡಿದರೆ 46,000. ಕೈಯಲ್ಲಿ 9000! ನಾನು ಜಾಣೆ ಅಂತ 46,000ವನ್ನು 220ರಿಂದ ಭಾಗಿಸಿ, ಕ್ಯಾಲೆಂಡರಿನ ಪಕ್ಕ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆ: "ಕೆ.ಜಿ.ಗೆ ಅಸಲು 209, ಲಾಭ 41." ಆ ದುಡ್ಡು ಮಗಳ ಹಾಸ್ಟೆಲ್ ಫೀಸಿಗೆ ಹೋಯಿತು.

ದೀಪಾವಳಿ ಕಳೆಯಿತು. ಡಿಸೆಂಬರಿನಲ್ಲಿ ಧನುರ್ಮಾಸ ಬೇರೆ ಹಿಡಿದು ಮದುವೆ ಮುಂಜಿ ನಿಂತವು. ಆ ತಿಂಗಳು ಹೋದದ್ದು ಬರೀ 60 ಕೆ.ಜಿ. ನಡುವೆ ಒಬ್ಬ ಅಡುಗೆ ಕಂಟ್ರ್ಯಾಕ್ಟರು ಬಂದು, "50 ಕೆ.ಜಿ. ಬೇಕಮ್ಮ, 200ರಂತೆ ಕೊಡ್ತೀರಾ?" ಅಂದ. ಗೋಡೆ ನೋಡಿದೆ, ಅಸಲೇ 209. "ಆಗಲ್ಲಪ್ಪ" ಅಂತ ಕಳಿಸಿದೆ.

ತಿಂಗಳ ಕೊನೆಗೆ ಡಬ್ಬಿ ತೆಗೆದರೆ ಎದೆ ಧಸಕ್ ಅಂತು. 41ರಂತೆ 60 ಕೆ.ಜಿ.ಗೆ 2460 ರೂಪಾಯಿ ಉಳಿಯಬೇಕಿತ್ತು. ಉಳಿಯುವುದಿರಲಿ, ಬಾಡಿಗೆ, ಕಂತು, ಸಂಬಳ ಕೊಡಲು 7000 ಸಾಲದು. ಅಮ್ಮ ಕೊಟ್ಟ ಎರಡು ಬಳೆ ಯಜಮಾನರಿಗೂ ಹೇಳದೆ ಅಡ ಇಟ್ಟು ಬಂದೆ. ರಾತ್ರಿ ನಿದ್ದೆ ಇಲ್ಲ. ನನ್ನ ಲೆಕ್ಕಕ್ಕೂ ಡಬ್ಬಿಗೂ 9460 ರೂಪಾಯಿ ವ್ಯತ್ಯಾಸ. ದುಡ್ಡು ಎಲ್ಲಿ ಹೋಯಿತು? ರೂಮಿನ ಬೀಗದ ಕೈ ಇನ್ನೊಂದು ಯಾರ ಹತ್ತಿರ ಇದೆ?

ಬೆಳಗ್ಗೆ ಅವಳು ಬಂದು ಸೆರಗು ಸಿಕ್ಕಿಸುವಷ್ಟರಲ್ಲಿ ನನ್ನ ಬಾಯಿಂದ ಬಂದೇಬಿಟ್ಟಿತು. "ಎಣ್ಣೆ ಡಬ್ಬಕ್ಕೆ ಕಾಲು ಬಂದಿದೆಯೇನೇ?"

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬೀಗದ ಕೈ ಗೂಡಿನ ಮೇಲಿಟ್ಟಳು. "ಅಕ್ಕಾ, ನನ್ ಮಗೀಗೂ ಒಂದ್ ಚಕ್ಕುಲಿ ನಿಮ್ಮನ್ ಕೇಳ್ದೆ ತಕ್ಕೊಂಡೋಗಿಲ್ಲ ಕಣಕ್ಕಾ" ಅಂದಳು. ಅಷ್ಟೇ. ಹೊರಟು ಹೋದಳು.

ತುಮಕೂರಿನಲ್ಲಿ ಬಿ.ಕಾಂ. ಓದುವ ಮಗಳು ಹಬ್ಬದ ರಜಕ್ಕೆ ಬಂದಳು. ಎರಡು ದಿನ ನನ್ನ ಮುಖ ನೋಡಿ, ಮೂರನೇ ದಿನ ಬಾಯಿ ಬಿಡಿಸಿದಳು. ನಾನು ಬಳೆಯ ವಿಷಯವನ್ನೂ ಹೇಳಿ ಅತ್ತೆ. ಅವಳು ನನ್ನ ಲೆಕ್ಕದ ಪುಸ್ತಕ, ಚೀಟಿಗಳನ್ನೆಲ್ಲ ಹರವಿಕೊಂಡು ಕೂತಳು. ಅರ್ಧ ಗಂಟೆ ಆದ ಮೇಲೆ, "ಯಾರೂ ಕದ್ದಿಲ್ಲಮ್ಮ. ನೀನು ಎಲ್ಲಾ ಖರ್ಚನ್ನೂ ಒಂದೇ ಪಾತ್ರೆಗೆ ಸುರಿದಿದ್ದೀಯ" ಅಂದಳು.

ಆಮೇಲೆ ಕೇಳಿದಳು. "ಚಿಕ್ಕಪ್ಪ ಮದುವೆ ಮಾಡಿದರಲ್ಲ, 200 ಜನ ಬಂದರೂ 500 ಜನ ಬಂದರೂ ಛತ್ರದ ಬಾಡಿಗೆ ಹೆಚ್ಚು ಕಮ್ಮಿ ಆಗುತ್ತಾ?"

"ಇಲ್ಲ."

"ಎಲೆ?"

"ಅದು ತಲೆಗೊಂದು. ಜನ ಬಂದಷ್ಟೂ ಬೇಕು."

"ಅಡುಗೆ ಭಟ್ಟರು?"

"ಅವರದ್ದು ಇಷ್ಟು ಅಂತ ಒಂದು ಮೊತ್ತ, ಎಲೆ ಜಾಸ್ತಿ ಆದರೆ ಮೇಲೆ ನೂರೆಲೆಗೆ ಇಷ್ಟು."

"ನಮ್ಮ ಪಾಠ ಪೂರ್ತಿ ನೀನೇ ಹೇಳಿದೆಯಲ್ಲಮ್ಮ!" ಅಂತ ನಕ್ಕಳು. ಛತ್ರದ ಬಾಡಿಗೆಯಂಥದ್ದು ಸ್ಥಿರ ವೆಚ್ಚ. ಎಲೆಯಂಥದ್ದು ಚರ ವೆಚ್ಚ. ಭಟ್ಟರ ಲೆಕ್ಕದಂಥದ್ದು ಮಿಶ್ರ ವೆಚ್ಚ.

ಪುಸ್ತಕದಲ್ಲಿ ಮೂರು ಗೆರೆ ಎಳೆದು ನನ್ನ ಖರ್ಚು ಹಂಚಿದೆವು. ಬಾಡಿಗೆ 3500, ಸಂಬಳ 7000, ಕಂತು 2200, ಈ ಮೂರೂ ಒಲೆ ಹಚ್ಚಲಿ ಬಿಡಲಿ ಬರುವಂಥವು. ಅಕ್ಕಿ, ಹುರಿಗಡಲೆ, ಉದ್ದು, ಬೆಣ್ಣೆ, ಎಳ್ಳು ಸೇರಿ ಕೆ.ಜಿ.ಗೆ 75, ಎಣ್ಣೆ 45, ಗ್ಯಾಸು 16, ಕವರು ಚೀಟಿ 10, ಇವು ಮಾಡಿದಷ್ಟೇ ಬರುವಂಥವು. ಉಳಿದದ್ದು ಕರೆಂಟು ಬಿಲ್ಲು. ಅದು ಎರಡೂ ಕಡೆಗೆ ಸೇರಿದ್ದು. ಮಿಷನ್ ತಿರುಗಿಸದಿದ್ದರೂ ನಿಗದಿ ಶುಲ್ಕ ಅಂತ ಒಂದು ಮೊತ್ತ ಬರುತ್ತದೆ, ಮೇಲೆ ಯೂನಿಟ್ಟಿಗೆ ಇಷ್ಟು ಅಂತ.

ಬಿಲ್ಲನ್ನು ಬಿಡಿಸಲು ಮಗಳು ಒಂದು ಸುಲಭದ ಉಪಾಯ ತೋರಿಸಿದಳು. ಎಲ್ಲಕ್ಕಿಂತ ಹೆಚ್ಚು ಮಾಡಿದ ತಿಂಗಳು, ಎಲ್ಲಕ್ಕಿಂತ ಕಮ್ಮಿ ಮಾಡಿದ ತಿಂಗಳು, ಎರಡನ್ನೇ ತೆಗೆದುಕೊಳ್ಳಬೇಕು. 220 ಕೆ.ಜಿ. ಮಾಡಿದ ತಿಂಗಳ ಬಿಲ್ಲು 1180, 60 ಕೆ.ಜಿ. ಮಾಡಿದ ತಿಂಗಳದ್ದು 540. 160 ಕೆ.ಜಿ. ಹೆಚ್ಚಿಗೆ ಮಾಡಿದ್ದಕ್ಕೆ 640 ರೂಪಾಯಿ ಹೆಚ್ಚಾಗಿದೆ, ಅಂದರೆ ಕೆ.ಜಿ.ಗೆ 4 ರೂಪಾಯಿ. 60 ಕೆ.ಜಿ.ಗೆ 240 ಆಯಿತು. 540ರಲ್ಲಿ ಅದನ್ನು ಕಳೆದರೆ ಉಳಿದ 300 ಸ್ಥಿರದ್ದು. ಅಂದಾಜಿನ ಲೆಕ್ಕವೇ, ಆದರೂ ನಮ್ಮಂಥವರಿಗೆ ಸಾಕು.

ಈಗ ಕೂಡಿ ನೋಡಿ. ಕೆ.ಜಿ.ಗೆ ಚರ ವೆಚ್ಚ 150. ತಿಂಗಳ ಸ್ಥಿರ ವೆಚ್ಚ 13,000. 250ಕ್ಕೆ ಮಾರಿದಾಗ ಪ್ರತಿ ಕೆ.ಜಿ.ಯಿಂದ 100 ರೂಪಾಯಿ ಉಳಿಯುತ್ತದೆ. ಆದರೆ ಅದು ಮೊದಲು ಆ 13,000ದ ಹೊಟ್ಟೆ ತುಂಬಬೇಕು. 130 ಕೆ.ಜಿ. ಮಾರಿದರೆ ಅದು ತುಂಬಿತು. ಬ್ರೇಕ್ ಈವನ್ ಅಂದರೆ ಇದೇ ಅಂತೆ. ಅಲ್ಲಿಂದ ಮೇಲಿನದು ನಮ್ಮದು. ಸೆಪ್ಟೆಂಬರಿನಲ್ಲಿ ಮೇಲಿನ 90 ಕೆ.ಜಿ.ಯಿಂದ 9000 ಬಂತು. ಡಿಸೆಂಬರಿನಲ್ಲಿ 70 ಕೆ.ಜಿ. ಕೆಳಗೇ ನಿಂತೆ, 7000 ಹೋಯಿತು. 13,000ವನ್ನು 220 ಕೆ.ಜಿ. ಹಂಚಿಕೊಂಡಾಗ ಅಸಲು 209. ಅದೇ 13,000ವನ್ನು 60 ಕೆ.ಜಿ. ಹೊತ್ತಾಗ 367! ಅದೇ ಅಕ್ಕಿ, ಅದೇ ಕೈ. ಗೋಡೆ ಮೇಲಿನ 209 ಆ ಒಂದು ತಿಂಗಳಿಗೆ ಮಾತ್ರ ನಿಜವಾಗಿತ್ತು.

ವಾಪಸು ಕಳಿಸಿದ ಆ ಆರ್ಡರಿನ ವಿಷಯವೂ ಬಂತು. 200ಕ್ಕೆ ಕೊಟ್ಟಿದ್ದರೂ 150 ಖರ್ಚು ಕಳೆದು ಕೆ.ಜಿ.ಗೆ 50 ಉಳಿಯುತ್ತಿತ್ತು. 50 ಕೆ.ಜಿ.ಗೆ 2500. ಬಾಡಿಗೆಯ ಮುಕ್ಕಾಲು ಪಾಲು ಹತ್ತಿರ ಹತ್ತಿರ ಬಂದುಬಿಡುತ್ತಿತ್ತು. "ವರ್ಷವೆಲ್ಲ 200ಕ್ಕೆ ಕೊಟ್ಟರೆ ಮುಳುಗಿ ಹೋಗ್ತೀಯ. ಕೈ ಖಾಲಿ ಇರುವ ತಿಂಗಳಲ್ಲಿ ಮಾತ್ರ" ಅಂತ ಮಗಳು ಎಚ್ಚರಿಸಿದಳು.

ಕೊನೆಗೆ ಎಣ್ಣೆ ಅಂಗಡಿಯ ಚೀಟಿಗಳನ್ನು ಕೂಡಿದಳು. ಸೆಪ್ಟೆಂಬರಿನಲ್ಲಿ 66 ಲೀಟರು, ಡಿಸೆಂಬರಿನಲ್ಲಿ 18. ಭಾಗಿಸಿದರೆ ಎರಡು ತಿಂಗಳೂ ಕೆ.ಜಿ.ಗೆ 300 ಮಿಲಿ ಲೀಟರು. ಒಂದು ಸೌಟು ಕೂಡ ಆಚೀಚೆ ಇಲ್ಲ. ಆ ಕಾಗದ ನೋಡುತ್ತಾ ನನಗೆ ತಲೆ ಎತ್ತಲು ಆಗಲಿಲ್ಲ.

ಮುಂದೆ ಏನು ಮಾಡುವುದು ಅಂತ ಮಾತು ಬಂದಾಗ ಮಗಳು ಲಿಜ್ಜತ್ ಹಪ್ಪಳದ ಕಥೆ ಹೇಳಿದಳು. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ಪಡೆದು, ತಾವಿದ್ದ ಕಟ್ಟಡದ ಮಾಳಿಗೆ ಮೇಲೆ ಹಪ್ಪಳ ಒತ್ತಲು ಶುರುಮಾಡಿದರಂತೆ. ಬಾಡಿಗೆಯೇ ಇಲ್ಲ ನೋಡಿ. ಅವರಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಅಲ್ಲಿನ ಸೋದರಿಯರು ಕಲಸಿದ ಹಿಟ್ಟನ್ನು ಮನೆಗೆ ಒಯ್ದು ಒತ್ತಿ ತರುತ್ತಾರೆ, ಒತ್ತಿದ ಕೆ.ಜಿ. ಲೆಕ್ಕದಲ್ಲಿ ಕೂಲಿ. "ನೀನೂ ಸಂಬಳ ಬಿಟ್ಟು ಕೆ.ಜಿ. ಲೆಕ್ಕ ಮಾಡಮ್ಮ, ಸ್ಥಿರ ವೆಚ್ಚ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ" ಅಂದಳು.

ಲೆಕ್ಕಕ್ಕೆ ಸರಿ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಲಿಜ್ಜತ್ತಿನಲ್ಲಿ ಒತ್ತುವವರೇ ಒಡತಿಯರು, ಲಾಭವೂ ಅವರದ್ದೇ. ನಮ್ಮವಳಿಗೆ 60 ಕೆ.ಜಿ. ತಿಂಗಳಲ್ಲಿ ಏನು ಸಿಗುತ್ತದೆ? ನನಗೆ ಚರ ವೆಚ್ಚ ಮಾಡಿಕೊಂಡರೆ ಅವಳ ಮನೆ ಬಾಡಿಗೆ, ಮಗುವಿನ ಹಾಲು ಚರ ಆಗುವುದಿಲ್ಲವಲ್ಲ!

ಸಂಕ್ರಾಂತಿ ದಿನ ಎಳ್ಳು ಬೆಲ್ಲ, ಕಬ್ಬಿನ ತುಂಡು ತಟ್ಟೆಯಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, "ತಪ್ಪು ನನ್ನದು ಕಣೇ, ನನಗೆ ಲೆಕ್ಕ ಬರ್ತಿರಲಿಲ್ಲ" ಅಂದೆ. ಅವಳು ತಟ್ಟೆ ತೆಗೆದುಕೊಂಡಳು, ಮಗುವಿನ ಕೈಗೆ ಕಬ್ಬು ಕೊಟ್ಟಳು. ಮಾತಾಡಲಿಲ್ಲ. ಬಹಳ ಹೊತ್ತಾದ ಮೇಲೆ, "ಬೀದಿಯೋರಿಗೆ ಏನಂತ ಹೇಳ್ಲಕ್ಕಾ? ಯಾಕೆ ಬಿಟ್ಟೆ ಅಂತ ಎಲ್ರೂ ಕೇಳ್ತಾರೆ" ಅಂದಳು. ಅವಳನ್ನು ಕರೆದುಕೊಂಡು ಅದೇ ಬೀದಿಯಲ್ಲಿ ನಾಲ್ಕು ಮನೆಗೆ ಎಳ್ಳು ಬೀರಿದೆ. ಪ್ರತಿ ಮನೆಯಲ್ಲೂ ತಪ್ಪು ನನ್ನದು ಅಂತ ನಾನೇ ಹೇಳಿದೆ.

ಕೆಲಸದ ಮಾತು ಅವಳ ಎದುರೇ ಪುಸ್ತಕ ಬಿಚ್ಚಿ ಆಡಿದೆ. ನಾನು ತಿಂಗಳಿಗೆ 4000, ಮೇಲೆ ಕೆ.ಜಿ.ಗೆ 20 ಅಂದೆ. ಅವಳು ಬೆರಳು ಮಡಚಿ ಎಣಿಸಿ, "5000 ಖಾಯಂ ಇರ್ಲಿ ಅಕ್ಕಾ, ಮೇಲೆ 15 ಕೊಡಿ" ಅಂದಳು. ಒಪ್ಪಿದೆ. 60 ಕೆ.ಜಿ. ತಿಂಗಳಲ್ಲಿ ಅವಳಿಗೆ 5900, 220 ಕೆ.ಜಿ. ತಿಂಗಳಲ್ಲಿ 8300. ನನಗೆ ಸ್ಥಿರ ವೆಚ್ಚ 11,000ಕ್ಕೆ ಇಳಿಯಿತು, ಪ್ರತಿ ಕೆ.ಜಿ.ಯಿಂದ ಉಳಿಯುವುದು 85 ಆಯಿತು. 130 ಕೆ.ಜಿ. ಮಾರಲೇಬೇಕು ಅನ್ನುವುದು ಹಾಗೇ ಇದೆ, ಆದರೆ ಬಡ ತಿಂಗಳಿನ ನಷ್ಟ 7000 ಇದ್ದದ್ದು 5900 ಆಯಿತು.

ಆ 5900 ತುಂಬುವ ದಾರಿ ಕಣ್ಣೆದುರಿಗೇ ಇತ್ತು. ಧನುರ್ಮಾಸದಲ್ಲಿ ಚಕ್ಕುಲಿ ಕೇಳುವವರಿಲ್ಲ, ಆದರೆ ಸಂಕ್ರಾಂತಿಗೆ ಎಳ್ಳು ಬೆಲ್ಲ ಎಲ್ಲರಿಗೂ ಬೇಕು, ಕೊಬ್ಬರಿ ಹೆಚ್ಚುವ ಪುರುಸೊತ್ತು ಈಗ ಯಾರಿಗೂ ಇಲ್ಲ. ಬಾಡಿಗೆ ಹೇಗೂ ಕೊಡುತ್ತಿದ್ದೆವಲ್ಲ, ಅದರ ಖರ್ಚು ಅದು ದಾಟಿ ಮೇಲೆ ಒಂದಿಷ್ಟು ತಂದರೆ ಸಾಕು. 2024ರ ಡಿಸೆಂಬರಿನಲ್ಲಿ ಚಕ್ಕುಲಿ ಮತ್ತೆ 60 ಕೆ.ಜಿ.ಗೇ ನಿಂತಿತು. ಜೊತೆಗೆ ಎಳ್ಳು ಬೆಲ್ಲ 70 ಕೆ.ಜಿ. ಹೋಯಿತು. ಅವಳ 15 ರೂಪಾಯಿಯೂ ಸೇರಿ ಎಲ್ಲಾ ಖರ್ಚು ಕಳೆದು ಕೆ.ಜಿ.ಗೆ 90ರಂತೆ 6300 ಉಳಿಯಿತು. ತಿಂಗಳ ಲಾಭ 400 ರೂಪಾಯಿ! ನಗಬೇಡಿ. ಸೆಪ್ಟೆಂಬರಿನ 9000ಕ್ಕಿಂತ ಆ 400 ನನಗೆ ದೊಡ್ಡದು. ಬಳೆ ಬಿಡಿಸಿಕೊಂಡದ್ದು ಅದರ ಮುಂದಿನ ಗೌರಿ ಹಬ್ಬಕ್ಕೆ.

ಸೋದರಿಯರೇ, ಒಂದು ರೂಪಾಯಿ ಸಾಲ ಮಾಡುವ ಮೊದಲು ಪುಸ್ತಕದಲ್ಲಿ ಮೂರು ಗೆರೆ ಎಳೆಯಿರಿ. ಮಾಡಿದರೂ ಮಾಡದಿದ್ದರೂ ಬರುವ ಖರ್ಚು ಒಂದು ಕಡೆ, ಮಾಡಿದಷ್ಟೇ ಬರುವುದು ಇನ್ನೊಂದು ಕಡೆ, ಎರಡೂ ಬೆರೆತದ್ದು ಮಧ್ಯೆ. ಮೊದಲನೆಯದನ್ನು ಹೆಚ್ಚಿಸುವಾಗ ಹಬ್ಬದ ತಿಂಗಳನ್ನು ನೋಡಬೇಡಿ, ಧನುರ್ಮಾಸವನ್ನು, ಆಷಾಢವನ್ನು ನೋಡಿ. ಸ್ಥಿರ ಅಂದದ್ದೂ ಒಂದು ಮಿತಿಯವರೆಗೆ ಮಾತ್ರ ಸ್ಥಿರ. ನನಗೆ 250 ಕೆ.ಜಿ. ದಾಟಿದರೆ ಇನ್ನೊಂದು ಕೈ ಬೇಕು, ಆಗ ಲೆಕ್ಕ ಮತ್ತೆ ಮೊದಲಿಂದ. ಮತ್ತೆ, ದುಡ್ಡು ಕಾಣೆಯಾದರೆ ಮನುಷ್ಯರ ಮುಖ ನೋಡುವ ಮುಂಚೆ ಪುಸ್ತಕ ನೋಡಿ.

ಅವಳು ಈಗಲೂ ನಮ್ಮಲ್ಲೇ ಇದ್ದಾಳೆ. ನಗುತ್ತಾಳೆ, ಮಗಳ ಸ್ಕೂಲಿನ ಸುದ್ದಿ ಹೇಳುತ್ತಾಳೆ. ಆದರೆ ಎಣ್ಣೆ ಅಳೆಯುವಾಗ ಮಾತ್ರ, "ಅಕ್ಕಾ, ಒಂಚೂರು ಬಂದು ನೋಡಿ" ಅಂತ ಕರೆಯದೆ ಬಾಣಲೆಗೆ ಸುರಿಯುವುದಿಲ್ಲ. ಬೇಡ ಅಂತ ಎಷ್ಟೋ ಸಲ ಹೇಳಿದ್ದೇನೆ. ಕೇಳುವುದಿಲ್ಲ. ಹೋಗಿ ನೋಡುತ್ತೇನೆ.