ನಮ್ಮ ಸೀಮೆಯ ಗುಪ್ತ ಗ್ರಂಥಾಲಯ!

ಈ ದೃಶ್ಯವನ್ನು ನೀವು ಎಷ್ಟು ಸಲ ನೋಡಿಲ್ಲ ಹೇಳಿ. ನಾಯಕ ಪಂಜು ಹಿಡಿದು ಸುರಂಗಕ್ಕೆ ಇಳಿಯುತ್ತಾನೆ. ಗೋಡೆಯಲ್ಲಿರೋ ಸಿಂಹದ ಮುಖ ತಿರುವುತ್ತಾನೆ. ಗರಗರ ಸದ್ದು... ಕಲ್ಲಿನ ಬಾಗಿಲು ಸರಿಯುತ್ತದೆ. ಒಳಗೆ ನೆಲದಿಂದ ಸೂರಿನ ತನಕ ಬರೀ ಗ್ರಂಥಗಳು! ಕರಿ ನಿಲುವಂಗಿ ತೊಟ್ಟ ರಹಸ್ಯ ಕೂಟದವರು ಸುತ್ತುವರಿಯುತ್ತಾರೆ. "ಸಂಕೇತ ಹೇಳು!" ಎಂದು ಅವರ ಮುಖ್ಯಸ್ಥ ಗುಡುಗುತ್ತಾನೆ. ಮುಂದಿನ ಬೆಂಚಿನಿಂದ ಸೀಟಿ. ಅದು ಯಾವ ನಗರ, ಎಲ್ಲಿದೆ ಅಂತ ಯಾರೂ ಕೇಳೋದಿಲ್ಲ. ಸೆಟ್ಟಿನ ನಗರಕ್ಕೆ ಪಿನ್‌ಕೋಡ್ ಎಲ್ಲಿಂದ ಬಂತು?

ಬಂದಿದೆ ಸ್ವಾಮಿ, ಪಿನ್‌ಕೋಡ್ ಇದೆ. ಅದನ್ನು ಹೇಳೋದಕ್ಕೇ ಈ ಲೇಖನ.

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಅಲ್ಲಿ ಇಲ್ಲಿ ಬರೆದು, ಬಂದ ದುಡ್ಡಲ್ಲಿ ಚಹಾ ಕುಡಿದು, ಉಳಿದದ್ದಕ್ಕೆ ಟಿಕೆಟ್ ತೆಗೆಸುವವನು. ನನಗೆ ಗ್ರಂಥಾಲಯವೆಂದರೆ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ. ಅಲ್ಲಿ ನಿಂತೇ ಓದಿದ್ದು ಹೆಚ್ಚು, ಕೊಂಡಿದ್ದು ಕಡಿಮೆ. ಸುದ್ದಿಯ ಬೆನ್ನು ಹತ್ತಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಕೆಂಪು ಬಸ್ಸಿನಲ್ಲಿ ಧೂಳು ಕುಡಿಯುತ್ತ ತಿರುಗಿದ್ದೇನೆ. ತಿರುಗಿ ತಿರುಗಿ ನನಗೆ ಗೊತ್ತಾದದ್ದು ಇಷ್ಟು: ಆ ಮಾಯಾನಗರಿ, ಆ ಗ್ರಂಥಾಲಯ, ಆ ಗುಪ್ತ ಕೂಟ... ಮೂರೂ ನಮ್ಮ ಕಡೆಯೇ ಇದ್ದವು. ಕಥೆ ಮಾತ್ರ ಸಿನಿಮಾದ ಹಾಗೆ ನಡೆಯಲಿಲ್ಲ.

ಕಲ್ಲು ಉಳೀತು, ಓಲೆ ಹೋಯ್ತು

ಮೊದಲು ಇಂಡಿ. ಇಂಡಿ ಅಂದರೆ ನಿಂಬೆಹಣ್ಣು ಅಂತ ಎಲ್ಲರಿಗೂ ಗೊತ್ತು. ಅದೇ ತಾಲೂಕಿನ ಸಾಲೋಟಗಿಯಲ್ಲಿ ಒಂದು ಕಂಬದ ಶಾಸನ ಸಿಕ್ಕಿದೆ. ಇಸವಿ 945, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ. ಅವನ ಮಂತ್ರಿ ನಾರಾಯಣ ಅಲ್ಲೊಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡಿನ ಹುಡುಗರು ಓದಲಿಕ್ಕೆ ಬರುತ್ತಿದ್ದರು. ಅವರು ಇರಲಿಕ್ಕೆ 27 ಮನೆ! ಇವತ್ತು ನಮ್ಮ ಹುಡುಗರು ಹಾಸ್ಟೆಲ್ ಸೀಟಿಗೆ ಅರ್ಜಿ ಹಿಡಿದು ಓಡಾಡುತ್ತಾರಲ್ಲ, ಅದೇ ನೆಲದಲ್ಲಿ ಸಾವಿರ ವರ್ಷದ ಹಿಂದೆ ಹಾಸ್ಟೆಲ್ ಇತ್ತು.

ಪಕ್ಕದ ಕಲಬುರಗಿ ಜಿಲ್ಲೆಗೆ ಹೋದರೆ ಚಿತ್ತಾಪುರದ ಹತ್ತಿರ ನಾಗಾವಿ. ಅಲ್ಲಿನ ಘಟಿಕಾಸ್ಥಾನದ 1058ರ ಶಾಸನ ಇನ್ನೂ ಮಜಾ. ಗುರುಗಳ ಜೊತೆಗೆ ಆರು ಮಂದಿ 'ಸರಸ್ವತಿ ಭಂಡಾರಿಗ'ರನ್ನೂ ಅದು ಲೆಕ್ಕ ಹಾಕುತ್ತದೆ. ಅಂದರೆ ಲೈಬ್ರೇರಿಯನ್‌ಗಳು! ಹಣದ ಭಂಡಾರಕ್ಕೆ ಭಂಡಾರಿ ಇರುವ ಹಾಗೆ ಸರಸ್ವತಿಯ ಭಂಡಾರಕ್ಕೂ ಭಂಡಾರಿ. ಎಂಥ ಹೆಸರು ನೋಡಿ.

ಆದರೆ ಆ ಭಂಡಾರದ ಓಲೆಗಳು ಎಲ್ಲಿ? ರಾಜ ಕೊಟ್ಟ ಭೂಮಿಯ ಮೇಲೆ ನಡೆಯುತ್ತಿದ್ದ ಶಾಲೆ ರಾಜನ ಜೊತೆಗೇ ಹೋಯಿತು. ದಾನ ಕೊಟ್ಟೆ ಅಂತ ಬರೆಸಿದ ಕಲ್ಲು ಉಳೀತು. ಯಾವುದಕ್ಕೆ ಕೊಟ್ಟನೋ ಅದು ಉಳೀಲಿಲ್ಲ.

ಬೀಗ ಹಾಕಿದ ಮಹಲು

ಈಗ ಮಾಯಾನಗರಿಗೆ ಬನ್ನಿ. ನಾಲ್ಕೂ ಊರಿನ ಬಸ್ಸು ಕೂಡುವ ಊರು ವಿಜಯಪುರ, ಅಂದರೆ ನಮ್ಮ ಅಜ್ಜಂದಿರ ಬಿಜಾಪುರ. ಅದರ ಪಶ್ಚಿಮಕ್ಕೆ ತೊರವಿ. ಅಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಒಂದು ಹೊಸ ನಗರಕ್ಕೇ ಕೈ ಹಾಕಿದ. ಹೆಸರು ನವರಸಪುರ. ಸಂಗೀತದ ಹುಚ್ಚಿನ ಸುಲ್ತಾನ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟವನು. ಪದಗಳನ್ನು ಬರೆದು 'ಕಿತಾಬ್-ಎ-ನೌರಸ್' ಮಾಡಿದ, ಅದರಲ್ಲಿ ಸರಸ್ವತಿಯನ್ನು ನೆನೆದ. ಜನ ಅವನನ್ನು ಜಗದ್ಗುರು ಬಾದಶಹಾ ಅಂದರು. ಯಾವ ಕಲಾ ನಿರ್ದೇಶಕನೂ ಇಂಥ ಸೆಟ್ ಹಾಕಲಾರ. ಆದರೆ ಆ ನಗರದ ಓಟ ಇಪ್ಪತ್ತೈದು ವರ್ಷ ಅಷ್ಟೇ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಹಾಳುಗೆಡವಿತು. ಇವತ್ತು ಸಂಗೀತ ಮಹಲಿನ ಕಮಾನುಗಳು ನಿಂತಿವೆ, ಹಾಡಿಲ್ಲ.

ಈ ಆದಿಲ್‌ಶಾಹಿಗಳಿಗೆ ಪುಸ್ತಕದ ಹುಚ್ಚು ಬಲು ದೊಡ್ಡದು. ಇಬ್ರಾಹಿಮನಿಗಿಂತ ಮೊದಲಿನ ಅಲಿ ಆದಿಲ್‌ಶಾಹಿ ಊರು ಬಿಟ್ಟು ಹೊರಟರೂ ಪುಸ್ತಕದ ಪೆಟ್ಟಿಗೆಗಳು ಜೊತೆಗೆ ಹೊರಡಬೇಕಿತ್ತು. ಅವನ ಗ್ರಂಥಾಲಯದಲ್ಲಿ ಬರೆಯುವವರು, ಬಂಗಾರದ ನೀರು ಹಚ್ಚುವವರು, ರಟ್ಟು ಕಟ್ಟುವವರು ಸೇರಿ ಸುಮಾರು ಅರವತ್ತು ಮಂದಿ. ಒಂದು ಸಿನಿಮಾ ಯೂನಿಟ್ಟೇ!

ಆ ಸಂಗ್ರಹದಲ್ಲಿ ಉಳಿದದ್ದು ಕಡೆಗೆ ಸೇರಿದ ಜಾಗ ಆಸಾರ್ ಮಹಲು. ನೀವು ನೋಡಿರಬಹುದು, ಎದುರಿಗೆ ಕೊಳ, ಎತ್ತರದ ಮರದ ಕಂಬಗಳು. ಪ್ರವಾದಿಯವರ ಪವಿತ್ರ ಕೇಶ ಇಟ್ಟಿರುವ ಜಾಗವಾದ್ದರಿಂದ ಬೀಗ, ಕಾವಲು, ಕಟ್ಟುನಿಟ್ಟು. ಸಿನಿಮಾದ ಗುಪ್ತ ಗ್ರಂಥಾಲಯಕ್ಕೆ ಇದಕ್ಕಿಂತ ಹೊಂದುವ ಜಾಗ ಇನ್ನೊಂದಿಲ್ಲ. ಆದರೆ ಏನಾಯ್ತು? 1686ರಲ್ಲಿ ಬಿಜಾಪುರ ಗೆದ್ದ ಔರಂಗಜೇಬ ಗಾಡಿಗಟ್ಟಲೆ ಗ್ರಂಥ ಹೇರಿಕೊಂಡು ಹೋದ ಅಂತ ಹೇಳುತ್ತಾರೆ. ಅಷ್ಟಾದ ಮೇಲೂ ಉಳಿದಿದ್ದ ನಾನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು 1853ರಲ್ಲಿ ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಇವತ್ತು ಅವು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹಾಳಾಗಲಿಲ್ಲ, ನಿಜ. ಆದರೆ ಇಂಡಿಯ ಹುಡುಗನೊಬ್ಬ ಅದನ್ನು ನೋಡಬೇಕಾದರೆ ಪಾಸ್‌ಪೋರ್ಟ್ ಮಾಡಿಸಬೇಕು.

ಬೀಗಕ್ಕೆ ಒಂದೇ ಕೀಲಿ ಇದ್ದರೆ ಇದೇ ತೊಂದರೆ ನೋಡಿ. ಕೀಲಿ ಯಾರ ಕೈಗೆ ಹೋಯಿತೋ ಗ್ರಂಥವೂ ಅವನ ಹಿಂದೆ ಹೋಯಿತು.

ನಿಲುವಂಗಿ ಇಲ್ಲದ ಗುಪ್ತ ಕೂಟ

ಇನ್ನು ನಮ್ಮ ನಿಜವಾದ ಗುಪ್ತ ಕೂಟ. ಅದರ ಕಥೆ ಶುರುವಾಗೋದು ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ. ಆದರೆ ಪಾತ್ರಧಾರಿಗಳು ನಮ್ಮ ಊರಿನವರು. ಬಸವಣ್ಣ ಬಾಗೇವಾಡಿಯವನು. ಮಡಿವಾಳ ಮಾಚಯ್ಯ ದೇವರ ಹಿಪ್ಪರಗಿಯವನು, ಮೊನ್ನೆ ಮೊನ್ನೆಯವರೆಗೂ ಸಿಂದಗಿ ತಾಲೂಕಿನಲ್ಲೇ ಇದ್ದ ಊರು. ನೀಲಮ್ಮ ಕೊನೆಗೆ ಬಂದು ನಿಂತದ್ದು ಮುದ್ದೇಬಿಹಾಳದ ತಂಗಡಗಿಯಲ್ಲಿ, ಕೃಷ್ಣೆಯ ದಂಡೆ ಮೇಲೆ.

1959ರ 'ಜಗಜ್ಯೋತಿ ಬಸವೇಶ್ವರ' ನೋಡಿದವರು ನೆನಪು ಮಾಡಿಕೊಳ್ಳಿ. ಹೊನ್ನಪ್ಪ ಭಾಗವತರ್ ಬಸವಣ್ಣ, ನಮ್ಮ ರಾಜ್‌ಕುಮಾರ್ ಬಿಜ್ಜಳ! 1983ರ 'ಕ್ರಾಂತಿಯೋಗಿ ಬಸವಣ್ಣ'ದಲ್ಲಿ ಅಶೋಕ್ ಬಸವಣ್ಣನಾದರು. ನಾವು ನೋಡುವುದು ಸಿಂಹಾಸನ, ದರ್ಬಾರು, ಮಾತಿನ ಚಕಮಕಿ. ನಾನು ಹೇಳುತ್ತಿರುವುದು ಆಮೇಲಿನ ಕಥೆ. 1167ರ ಸುಮಾರಿಗೆ ಕಲ್ಯಾಣ ಹೊತ್ತಿ ಉರಿಯಿತು. ಶರಣರು ದಿಕ್ಕು ದಿಕ್ಕಿಗೆ ಚದುರಿದರು. ವಚನದ ಕಟ್ಟು ಹೊತ್ತವರು ಮುಂದೆ, ಬೆನ್ನಟ್ಟಿದ ದಂಡನ್ನು ತಡೆಯುತ್ತ ಮಡಿವಾಳ ಮಾಚಯ್ಯ ಹಿಂದೆ. ಹೀಗಂತ ನಮ್ಮ ಜನ ಇವತ್ತಿಗೂ ಹೇಳುತ್ತಾರೆ. ಬಟ್ಟೆ ಒಗೆಯುವವನು ಗ್ರಂಥಾಲಯದ ಸೇನಾಪತಿ! ಇದಕ್ಕಿಂತ ದೊಡ್ಡ ಕ್ಲೈಮ್ಯಾಕ್ಸ್ ಬೇಕೇ?

ಈ ಕೂಟಕ್ಕೆ ಸಂಕೇತವೂ ಇತ್ತು. ವಚನದ ಕೊನೆಗೆ ಬರುವ ಅಂಕಿತ. ಕೂಡಲಸಂಗಮದೇವ ಅಂದರೆ ಬಸವಣ್ಣ, ಗುಹೇಶ್ವರ ಅಂದರೆ ಅಲ್ಲಮ, ಕಲಿದೇವರದೇವ ಅಂದರೆ ಮಾಚಯ್ಯ. ಬರೆದವನ ಹೆಸರಿಲ್ಲದ ಓಲೆ ಕೈಗೆ ಸಿಕ್ಕರೂ ಅಂಕಿತ ನೋಡಿ ಯಾರ ಮಾತು ಅಂತ ಹೇಳಬಹುದು. ಒಳಗಿನವರಿಗೇ ಬಿಡಿಸಲು ಬರುವ ಬೆಡಗಿನ ವಚನಗಳು ಬೇರೆ!

ಇಲ್ಲಿ ಒಂದು ವಿಷಯ ಗಮನವಿಟ್ಟು ಕೇಳಿ. ತಾಡೋಲೆ ಕಲ್ಲಲ್ಲ. ಕಂಟದಿಂದ ಕೊರೆದು, ಮಸಿ ಒರೆಸಿ, ದಾರ ಪೋಣಿಸಿ ಎಷ್ಟು ಜೋಪಾನ ಮಾಡಿದರೂ ನಮ್ಮ ಹವೆಯಲ್ಲಿ ಕೆಲವು ನೂರು ವರ್ಷಕ್ಕೆ ಪುಡಿ. ಬಸವಣ್ಣನ ಕಾಲದ ಓಲೆ ಇವತ್ತು ಯಾರ ಮನೆಯಲ್ಲೂ ಇಲ್ಲ. ಇರುವುದೆಲ್ಲ ಪ್ರತಿಯ ಪ್ರತಿಯ ಪ್ರತಿ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ವಿರಕ್ತರು ಚದುರಿದ ವಚನಗಳನ್ನು ಕೂಡಿಸಿ ಮತ್ತೆ ಬರೆದರು. ಆಮೇಲೂ ಯಾವುದೋ ಮಠದ ಮರಿ, ಯಾವುದೋ ಹಳ್ಳಿಯ ಐನೋರು ದೀಪದ ಬುಡದಲ್ಲಿ ಕೂತು ನಕಲು ತೆಗೆಯುತ್ತಲೇ ಬಂದರು. ಈ ಕೂಟದ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಕತ್ತಿ ಹಿಡಿದು ಕಾದವರಿಗಿಂತ ಕಂಟ ಹಿಡಿದು ನಕಲು ತೆಗೆದವರಿಂದಲೇ ಗ್ರಂಥ ಉಳಿಯಿತು.

ಕೋಟು ಹಾಕಿದ ಹೀರೋ

ಆದರೂ ಇಪ್ಪತ್ತನೆಯ ಶತಮಾನದ ಹೊತ್ತಿಗೆ ಆ ಗ್ರಂಥಾಲಯ ಪೂರ್ತಿ ಗುಪ್ತವಾಗಿಬಿಟ್ಟಿತ್ತು. ಒಂದು ಕಟ್ಟು ಈ ಮನೆಯ ದೇವರ ಜಗಲಿ ಮೇಲೆ, ಇನ್ನೊಂದು ಆ ಮಠದ ಅಟ್ಟದ ಮೇಲೆ. ವಿಭೂತಿ, ಕುಂಕುಮ, ಊದಿನಕಡ್ಡಿ ಎಲ್ಲ ಉಂಟು, ಓದು ಮಾತ್ರ ಇಲ್ಲ. ಆಗ ಎಂಟ್ರಿ ಕೊಟ್ಟವರು ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದವರು. ವಕೀಲಿಯಲ್ಲಿ ಕಾಸು ಮಾಡುವುದು ಬಿಟ್ಟು ಊರೂರು ಅಲೆದು ಮನೆ ಮನೆ ಬಾಗಿಲು ಬಡಿದರು. ಕೊಟ್ಟವರಿಂದ ತಂದರು, ಕೊಡದವರ ಮನೆಯಲ್ಲಿ ಕೂತು ನಕಲು ಮಾಡಿಕೊಂಡರು.

ಹೊಂದಿಸಿದ 'ವಚನಶಾಸ್ತ್ರಸಾರ'ವನ್ನು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದರೆ ಅಚ್ಚಾಗದೆ ವಾಪಸು ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಇನ್ನೊಬ್ಬರ ಪ್ರೆಸ್ಸು ನಂಬಿದರೆ ಆಗೋದಿಲ್ಲ ಅಂತ 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಮನೆ ಮಾರಿ, ಸ್ವಾಮಿ! ಮರುವರ್ಷ 'ಶಿವಾನುಭವ' ಪತ್ರಿಕೆ. ಐವತ್ತರಷ್ಟು ವಚನಕಾರರ ಹೆಸರು ಗೊತ್ತಿದ್ದ ಕಾಲದಲ್ಲಿ ಅವರು ತೋರಿಸಿಕೊಟ್ಟದ್ದು ಇನ್ನೂರೈವತ್ತರಷ್ಟು. 1964ರಲ್ಲಿ ಅವರು ತೀರಿಕೊಂಡಾಗ ಆ ಗುಪ್ತ ಗ್ರಂಥಾಲಯದ ಬಾಗಿಲು ಮತ್ತೆ ಮುಚ್ಚುವ ಹಾಗೇ ಇರಲಿಲ್ಲ. ಸಾವಿರ ಪ್ರತಿ ಅಚ್ಚಾದದ್ದನ್ನು ಯಾವ ದಂಡು ತಾನೇ ಬೆನ್ನಟ್ಟೀತು?

ಇನ್ನೊಂದು ಸಂತೋಷದ ಸಂಗತಿ. ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿ ಇದೇ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಆದಿಲ್‌ಶಾಹಿ ಕಾಲದ ಫಾರಸಿ, ದಖನಿ ಗ್ರಂಥಗಳನ್ನು ಕನ್ನಡಕ್ಕೆ ತಂದದ್ದು ಅದೇ ಕೇಂದ್ರ. ಅದರ ಹಿಂದೆ ಎಂ.ಎಂ. ಕಲಬುರ್ಗಿಯವರಿದ್ದರು. ಲಂಡನ್ನಿಗೆ ಹೋದ ಓಲಗ ಹೀಗಾದರೂ ಕನ್ನಡದಲ್ಲಿ ನಮ್ಮ ಕಿವಿಗೆ ಬಿತ್ತು.

ನಮ್ಮ ಲೋಕದ ಮಾತು

ಸಿನಿಮಾ ಪತ್ರಿಕೆಯಲ್ಲಿ ಇದೆಲ್ಲ ಯಾಕಪ್ಪಾ ಅಂತೀರಾ? ಹೇಳುತ್ತೇನೆ. ನಮ್ಮ ಮೊದಲ ಟಾಕಿ 'ಸತಿ ಸುಲೋಚನ'. ಕೊಲ್ಹಾಪುರದಲ್ಲಿ ತಯಾರಾಗಿ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನ. ಜನ ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರಿಂಟೂ ಇವತ್ತು ಇಲ್ಲ! ಆ ಕಾಲದ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಭಗ್ ಅನ್ನೋದು. ಓಟ ಮುಗಿದ ಪ್ರಿಂಟನ್ನು ಕರಗಿಸಿ ಬೆಳ್ಳಿ ತೆಗೆಯುವವರೂ ಇದ್ದರು. ಪುಣೆಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ. ಎಂಟುನೂರು ವರ್ಷದ ಹಿಂದಿನ ವಚನ ನಮಗೆ ಸಿಕ್ಕಿದೆ. ತೊಂಬತ್ತು ವರ್ಷದ ಹಿಂದಿನ ಸಿನಿಮಾ ಸಿಕ್ಕಿಲ್ಲ. ನಕಲು ತೆಗೆದಿಡುವ ಗುಪ್ತ ಕೂಟ ಸಿನಿಮಾಕ್ಕೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಹೋದ ವರ್ಷ ಸಿಂದಗಿ ಕಡೆ ಒಂದು ಹಳ್ಳಿಯಲ್ಲಿ ದೇವರ ಜಗಲಿ ಮೇಲೆ ಕೆಂಪು ಬಟ್ಟೆ ಸುತ್ತಿದ ಕಟ್ಟು ನೋಡಿದೆ. ಬಿಚ್ಚಿ ತೋರಿಸಿ ಅಂದೆ. ಮನೆಯ ಅಜ್ಜಿ ಒಪ್ಪಲಿಲ್ಲ. "ಬಿಚ್ಚಿದ್ರ ಮನಿಗೆ ಛಲೋ ಅಲ್ಲಂತ ನಮ್ಮತ್ತಿ ಹೇಳ್ಯಾಳ್ರಿ."

"ಒಳಗ ಏನೈತಿ ಅಂತ ಗೊತ್ತೇನಬೇ?"

"ಗೊತ್ತಿಲ್ಲಪಾ. ಅದಕ್ಕ ಪೂಜಾ ಮಾಡ್ತೀವಿ."

ಅಜ್ಜಿಯ ಮೊಮ್ಮಗ ಕಾಲೇಜು ಹುಡುಗ, ಮೊಬೈಲಿನ ತುಂಬ ನೆಚ್ಚಿನ ಹೀರೋನ ಫೋಟೋ. ಅವನೇ ಅಜ್ಜಿಯ ಕಾಲು ಹಿಡಿದು ಒಪ್ಪಿಸಿದ. ಬಟ್ಟೆ ಬಿಚ್ಚಿದಾಗ ಜೊತೆಗೆ ಒಂದಿಷ್ಟು ಪುಡಿಯೂ ಉದುರಿತು. ಅರ್ಧದಷ್ಟು ಗರಿಗಳು ಎಣ್ಣೆ ಕುಂಕುಮಕ್ಕೆ ಅಂಟಿ ಹಲಗೆಯ ಹಾಗಾಗಿದ್ದವು. ಬಿಡಿಯಾಗಿ ಸಿಕ್ಕದ್ದು ಹನ್ನೊಂದು. ಹುಡುಗ ಅಂಗಳದ ಬೆಳಕಿಗೆ ಹಿಡಿದು ಒಂದೊಂದನ್ನೂ ಎರಡೂ ಮಗ್ಗುಲಿಗೆ ಫೋಟೋ ತೆಗೆದ. ಹಳೆಯ ಅಕ್ಷರ, ನಮಗಿಬ್ಬರಿಗೂ ಓದಲು ಬರಲಿಲ್ಲ. ಅಜ್ಜಿ ಮಾತ್ರ ಬಗ್ಗಿ ಬಗ್ಗಿ ಆ ಪುಟ್ಟ ಪರದೆ ನೋಡುತ್ತಿದ್ದಳು. ದಿನಾ ಪೂಜೆ ಮಾಡಿದ ವಸ್ತುವಿನ ಒಳಗನ್ನು ಆಕೆ ನೋಡಿದ್ದು ಅದೇ ಮೊದಲು.

ಫೋಟೋಗಳನ್ನು ಹಳಗನ್ನಡ ಬಲ್ಲ ಮೇಷ್ಟ್ರೊಬ್ಬರಿಗೆ ಕಳಿಸಿದ್ದೇವೆ. ವಚನವೋ, ಪುರಾಣವೋ, ದನದ ರೋಗಕ್ಕೆ ಔಷಧವೋ, ಏನಾದರೂ ಆಗಿರಲಿ. ಗೆಳೆಯರೇ, ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಕಟ್ಟು ಇರಬಹುದು. ಅಜ್ಜನ ಪೆಟ್ಟಿಗೆಯಲ್ಲಿ ಥಿಯೇಟರ್ ಬಾಗಿಲಲ್ಲಿ ಮಾರುತ್ತಿದ್ದ ಹಳೇ ಹಾಡಿನ ಪುಸ್ತಕ ಇರಬಹುದು, ಯಾವುದೋ ಟೂರಿಂಗ್ ಟಾಕೀಸಿನ ಭಿತ್ತಿಪತ್ರ ಇರಬಹುದು. ಮಾರಬೇಡಿ, ಯಾರಿಗೂ ಕೊಡಲೂ ಬೇಡಿ. ಮೊಬೈಲ್ ತೆಗೆದು ಫೋಟೋ ಹೊಡೆಯಿರಿ, ಹತ್ತು ಜನಕ್ಕೆ ಕಳಿಸಿ. ಆ ಕೂಟಕ್ಕೆ ಸೇರಲು ಸಂಕೇತ ಗಿಂಕೇತ ಏನೂ ಬೇಡ. ಪಿಯುಸಿ ಪಾಸಾಗಿರಬೇಕು ಅಂತಲೂ ಇಲ್ಲ!