ಅತಿಥಿಯೊಡನೆ ಮೂರು ದಿನದ ವಿಹಾರ

ಪರಸ್ಥಳದ ವಿದ್ವಾಂಸರು ನಮ್ಮ ಕಾಲೇಜಿಗೆ ಬಂದಾಗ ಅವರಿಗೆ ವೇದಿಕೆ, ಹಾರ, ಕೇಳುಗರು ಇವನ್ನೆಲ್ಲ ಒದಗಿಸುವುದು ಸುಲಭ. ಉಪನ್ಯಾಸ ಮುಗಿದ ಮರುದಿನ ಅವರನ್ನು ಎಲ್ಲಿಗೆ ಕರೆದೊಯ್ಯಬೇಕೆಂಬುದೇ ತೊಡಕು. ಕಳೆದ ಮಾಗಿಯಲ್ಲಿ ಜರ್ಮನಿಯ ಟ್ಯೂಬಿಂಗನ್ ನಗರದ ಪ್ರಾಧ್ಯಾಪಕರೊಬ್ಬರು ನಮ್ಮ ಸೀಮೆಯ ಶಾಸನಗಳನ್ನು ನೋಡುವ ಉದ್ದೇಶದಿಂದ ಶಿರಸಿಗೆ ಬಂದರು. ಅವರ ಬಿಡುವಿನ ಮೂರು ದಿನಗಳ ಹೊಣೆ, ಕನ್ನಡದ ಅಧ್ಯಾಪಕನೆಂಬ ಕಾರಣಕ್ಕೆ, ನನ್ನ ಹೆಗಲಿಗೆ ಬಿದ್ದಿತು.

ಟ್ಯೂಬಿಂಗನ್ ಕನ್ನಡಿಗರಿಗೆ ತೀರ ಅಪರಿಚಿತ ಊರಲ್ಲ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮಗಿತ್ತ ಫರ್ಡಿನೆಂಡ್ ಕಿಟೆಲರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಅಲ್ಲಿಯ ವಿಶ್ವವಿದ್ಯಾಲಯ. 1903ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಅದೇ ಊರಿನಲ್ಲಿ. 1477ರಲ್ಲಿ ಸ್ಥಾಪನೆಗೊಂಡ ಆ ವಿದ್ಯಾಲಯಕ್ಕೆ ಬರುವ ಅತಿಥಿಗಳು ಬಿಡುವನ್ನು ಹೇಗೆ ಕಳೆಯುತ್ತಾರೆಂದು ಕುತೂಹಲದಿಂದ ಕೇಳಿದೆ. ನೆಕ್ಕಾರ್ ನದಿಯಲ್ಲಿ, ಗಳುವಿನಿಂದ ನೂಕುವ ಉದ್ದನೆಯ ದೋಣಿಯಲ್ಲಿ ಒಂದು ಸಂಜೆ. ಕಾಡಿನ ನಡುವೆ ಬೇಬನ್‌ಹೌಸನ್ ಎಂಬ ಪುರಾತನ ಮಠದವರೆಗೆ ಕಾಲ್ನಡಿಗೆಯ ಒಂದು ಭಾನುವಾರ. ಹರ್ಮನ್ ಹೆಸ್ಸೆ ತಾರುಣ್ಯದಲ್ಲಿ ಕೆಲಸಕ್ಕಿದ್ದ ಪುಸ್ತಕದಂಗಡಿಯ ದರ್ಶನ.

“ನಮ್ಮಲ್ಲಿ ನದಿ, ಕಾಡು, ಮಠ. ನಿಮ್ಮಲ್ಲಿ?” ಎಂದರು.

“ನಮ್ಮಲ್ಲಿಯೂ ಅವೇ ಮೂರು,” ಎಂದೆ ನಗುತ್ತ.

ಮೊದಲ ದಿನ ಬನವಾಸಿಗೆ ಹೊರಟೆವು. ಶಿರಸಿಯಿಂದ ಒಂದು ತಾಸಿನೊಳಗಿನ ದಾರಿ. ವರದೆಯು ಬಳಸಿ ಹರಿಯುವ ಈ ಊರು ಕದಂಬರ ರಾಜಧಾನಿ. ಪಂಪನ ಮನಸ್ಸನ್ನು ಬಿಡದೆ ಹಿಡಿದ ಊರು. ಮಧುಕೇಶ್ವರನ ಗುಡಿಯ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಕದಂಬರಿಗೂ ಹಿಂದಿನ ಚುಟು ಅರಸರ ಕಾಲದ್ದು. ನಾಗಶ್ರೀ ಎಂಬ ರಾಜಕುಮಾರಿ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನವಾಗಿ ಕೊಟ್ಟಳೆಂದು ಅದರ ಪ್ರಾಕೃತ ಬರಹ ಸಾರುತ್ತದೆ; ಕೆತ್ತಿದ ನಟಕನ ಹೆಸರನ್ನೂ ಮರೆಯದೆ ಹೇಳುತ್ತದೆ. ಬಹಳ ಹೊತ್ತು ಆ ಅಕ್ಷರಗಳ ಮುಂದೆ ಕುಳಿತಿದ್ದ ಅತಿಥಿಗಳು ತಲೆಯೆತ್ತಿ, “ಇಂದಿನ ಕನ್ನಡದಲ್ಲಿ ವಿಹಾರವೆಂದರೆ ಭಿಕ್ಷುಗಳ ಮನೆಯಲ್ಲ, ತಿರುಗಾಟ ಅಲ್ಲವೇ?” ಎಂದರು. ಹೌದೆಂದೆ. “ಹಾಗಾದರೆ ಈ ರಾಜಕುಮಾರಿ ನನಗೂ ಒಂದು ವಿಹಾರವನ್ನು ದಾನ ಮಾಡಿದಳು,” ಎಂದು ಕೈಮುಗಿದರು.

ಎರಡನೆಯ ದಿನ ಸಿದ್ದಾಪುರ ತಾಲ್ಲೂಕಿಗೆ. ಅಘನಾಶಿನಿಯು 116 ಮೀಟರು ಕೆಳಕ್ಕೆ ಧುಮುಕುವ ಉಂಚಳ್ಳಿಯಲ್ಲಿ ಮಾತು ಮಾತಿಗೆ ಕೇಳಿಸದು. 1845ರಲ್ಲಿ ಇದನ್ನು ‘ಕಂಡುಹಿಡಿದ’ ಜಿಲ್ಲಾಧಿಕಾರಿ ಲಷಿಂಗ್ಟನ್ನನ ಹೆಸರನ್ನೇ ಹಿಂದೆ ಇದಕ್ಕೆ ಇಟ್ಟಿದ್ದರು. ಸೀಮೆಯ ಜನ ಮಾತ್ರ ತಮ್ಮ ಕಿವಿಯ ಅನುಭವದಿಂದ ಕೆಪ್ಪ ಜೋಗವೆಂದು ಕರೆದರು. ಅಂದಿನ ರಾತ್ರಿ ಹಳ್ಳಿಯೊಂದರ ಮನೆಯಂಗಳದಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಯೇ ಕೃಷ್ಣನೂ ಕೌರವನೂ ವಾದಕ್ಕಿಳಿಯುತ್ತಾರೆ. “ಇವರ ಕೈಯಲ್ಲಿ ಒಂದು ಚೀಟಿಯೂ ಇಲ್ಲವಲ್ಲ!” ಎಂದು ಬೆರಗಾದರು, ಹಿಂದಿನ ದಿನ ನಮ್ಮಲ್ಲಿ ಮೂವತ್ತು ಪುಟಗಳನ್ನು ಓದಿದ್ದ ಆ ಪ್ರಾಧ್ಯಾಪಕರು.

ಮೂರನೆಯ ದಿನ ಯಲ್ಲಾಪುರದ ಮಾಗೋಡು. ದಾರಿಯಲ್ಲಿ, ಮಂಚಿಕೇರಿಯ ಸಮೀಪದ ನಮ್ಮ ಮನೆಯಲ್ಲಿ ಇಳಿದೆವು. ಆಯಿ ತೆಳ್ಳೇವು ಎರೆದು, ಜೋನಿಬೆಲ್ಲ ತುಪ್ಪದೊಡನೆ ಬಡಿಸಿದಳು. ಉಣ್ಣುತ್ತ ಅತಿಥಿಗಳು, “ಇಷ್ಟು ಹತ್ತಿರವಿರುವ ನಿಮ್ಮ ತಾಯಿಯವರು ಆ ಜಲಪಾತವನ್ನು ಎಷ್ಟು ಬಾರಿ ನೋಡಿರಬಹುದು?” ಎಂದು ಸಹಜವಾಗಿ ಕೇಳಿದರು. ನಾನು ಆಯಿಯ ಮುಖ ನೋಡಿದೆ. ಆಕೆ ಒಮ್ಮೆಯೂ ನೋಡಿರಲಿಲ್ಲ. ಬಂದ ನೆಂಟರನ್ನೂ ಪರೀಕ್ಷಕರನ್ನೂ ಎಷ್ಟೋ ಸಲ ಇದೇ ಮನೆಯ ಮುಂದಿನಿಂದ ಮಾಗೋಡಿಗೆ ಕರೆದೊಯ್ದಿದ್ದ ನನಗೆ, ಹೆತ್ತವಳನ್ನು ಕರೆಯಬೇಕೆಂದು ಒಂದು ದಿನವೂ ತೋಚಿರಲಿಲ್ಲ. ತುತ್ತು ಗಂಟಲಲ್ಲಿ ನಿಂತಿತು.

“ನೀನೂ ಬಾ ಆಯಿ,” ಎಂದೆ.

“ಯಂಗೆಲ್ಲಿ ಪುರಸೊತ್ತು ತಮಾ? ದನಕ್ಕೆ ಹುಲ್ಲು ಹಾಕದು ಯಾರಾ?”

ಜಗಲಿಯಲ್ಲಿ ಅಡಕೆ ಸುಲಿಯುತ್ತಿದ್ದ ಅಪ್ಪಯ್ಯ ಕತ್ತೆತ್ತದೆ, “ಒಂದಿನ ಆನು ಹಾಕ್ತಿ, ಹೋಗಿ ಬಾ,” ಎಂದ. ಆಯಿ ಪೆಟ್ಟಿಗೆಯಿಂದ ಮದುವೆಮನೆಗೆ ಉಡುವ ಸೀರೆಯನ್ನು ತೆಗೆದಳು.

ಮಾಗೋಡಿನಲ್ಲಿ ಬೇಡ್ತಿಯು ಬಂಡೆಯ ಮೇಲಿಂದ ಮೆಟ್ಟಿಲಿಳಿದಂತೆ ಕಣಿವೆಗೆ ಬೀಳುತ್ತದೆ. ಮುಂದೆ ಗಂಗಾವಳಿಯೆಂಬ ಹೆಸರು ತಳೆದು ಕಡಲನ್ನು ಸೇರುತ್ತದೆ. ಈ ನೀರಿನ ಹಿಂದೆಯೂ ವಿದ್ವಾಂಸರ ಕಥೆಯೊಂದಿದೆಯೆಂದು ಅತಿಥಿಗಳಿಗೆ ಹೇಳಿದೆ. ಈ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಬಂದಾಗ, ತೋಟ, ಕಾಡು ಮುಳುಗುವ ಭಯದಿಂದ ಅಡಕೆ ಬೆಳೆಗಾರರ ಸಂಘವಾದ ತೋಟಗಾರ್ಸ್ ಸೊಸೈಟಿಯು 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೆ ಕರೆಸಿ, ಲಾಭನಷ್ಟಗಳನ್ನು ತೂಗಿಸಿತು. ಯೋಜನೆ ನಿಂತಿತು. ಎರಡು ವರ್ಷಗಳ ಬಳಿಕ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಜನ ಮರಗಳನ್ನು ತಬ್ಬಿ ನಿಂತು ‘ಅಪ್ಪಿಕೋ’ ಚಳವಳಿಯನ್ನು ಆರಂಭಿಸಿದರು. ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಮಾತು ಇಂದಿಗೂ ಕೇಳಿಬರುತ್ತಿದೆ. ಬಯಲುಸೀಮೆಯ ಬಾಯಾರಿಕೆಯೂ ಸುಳ್ಳಲ್ಲ. ಮಲೆನಾಡಿನ ಅಂಜಿಕೆಯೂ ಸುಳ್ಳಲ್ಲ.

ನಮ್ಮ ಮಾತು ಆಯಿಯ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕಂಬಿಯನ್ನು ಹಿಡಿದು, ಸೆರಗನ್ನು ಬಿಗಿದುಕೊಂಡು ನೋಡುತ್ತಲೇ ಇದ್ದಳು. ಬಳಿಕ ಮೆಲ್ಲನೆ ಕೇಳಿದಳು: “ನಮ್ಮ ತೋಟದ ಹಳ್ಳ ಬೇಡ್ತಿಗೇ ಸೇರ್ತಲ?”

“ಹೌದು ಆಯಿ.”

“ಹಂಗಾರೆ ನಮ್ಮನೆ ಅಬ್ಬಿ ನೀರೂ ಇಲ್ಲೇ ಬಂದು ಬೀಳ್ತು. ಅದು ದಿನಾ ಬತ್ತಿತ್ತು. ಯಂಗೆ ಬಪ್ಪಲೆ ಅರವತ್ತೆಂಟು ವರ್ಷ ಬೇಕಾತು.”

ಅತಿಥಿಗಳು ಅರ್ಥ ಕೇಳಿದರು. ಹೇಳಿದೆ. ಅವರು ತಮ್ಮ ಟಿಪ್ಪಣಿ ಪುಸ್ತಕವನ್ನು ತೆರೆಯಲಿಲ್ಲ. ಆಯಿಯ ಪಕ್ಕಕ್ಕೆ ಹೋಗಿ, ಆಕೆಯಂತೆಯೇ ಕಂಬಿ ಹಿಡಿದು ನಿಂತರು.

ಮುಂದಿನ ಭಾನುವಾರ ಅತಿಥಿಗಳಾರೂ ಇರಲಿಲ್ಲ. ಆದರೂ ಬಾಡಿಗೆಯ ಕಾರಿಗೆ ಹೇಳಿದೆ. ಉಂಚಳ್ಳಿಗೆ ಹೋಗುವುದೆಂದು ಆಯಿ ತಾನೇ ನಿಶ್ಚಯಿಸಿದ್ದಳು.