ಆಗುಂಬೆಯ ಮಳೆಯಲ್ಲಿ ಗಾಜಿನ ಪರೀಕ್ಷೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಗೆ ಮಳೆಗಾಲ ಕಾಲಿಟ್ಟಿತೆಂದರೆ ವಾಹನಗಳ ವೈಪರಿಗೆ ಬಿಡುವಿಲ್ಲ. ಮೇಗರವಳ್ಳಿ, ಗುಡ್ಡೇಕೇರಿ ದಾಟುವಷ್ಟರಲ್ಲಿ ಅಡಿಕೆ ತೋಟ, ಗದ್ದೆ, ಕಾಡು ಎಲ್ಲವೂ ಒಂದೇ ಬೂದುಬಣ್ಣಕ್ಕೆ ತಿರುಗಿರುತ್ತವೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ, ಘಟ್ಟದ ಅಂಚಿನಲ್ಲಿ ಕುಳಿತಿರುವ ಆಗುಂಬೆ, ಅರಬ್ಬಿ ಸಮುದ್ರದಿಂದ ಬರುವ ಮೋಡಗಳಿಗೆ ಎದುರಾಗುವ ಗೋಡೆಯಿದ್ದಂತೆ. ಇಲ್ಲಿನ ವಾರ್ಷಿಕ ಸರಾಸರಿ ಮಳೆ 7,500 ಮಿಲಿಮೀಟರಿನ ಆಸುಪಾಸು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಮಳೆ ದಾಖಲಾಗಿದೆ. ನೀರು ಹರಿದುಹೋಗದೆ ನಿಂತಿದ್ದರೆ ಎರಡಾಳೆತ್ತರವನ್ನೂ ಮೀರುತ್ತಿತ್ತು!

ಊರು ದಾಟಿದರೆ ಸೂರ್ಯಾಸ್ತದ ಕಟ್ಟೆ. ಅಲ್ಲಿಂದ ಕೆಳಗೆ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳ ಘಾಟಿ. ಉಡುಪಿ, ಮಣಿಪಾಲದ ಕಾಲೇಜುಗಳಿಗೆ ಮಕ್ಕಳನ್ನು ಸೇರಿಸಲು ಹೋಗುವ ಮಲೆನಾಡಿನ ತಂದೆತಾಯಿಯರ ಕಾರುಗಳು ಈ ದಾರಿಯಲ್ಲೇ ಇಳಿಯುತ್ತವೆ. ಕಾಲೇಜು ಆರಂಭವಾಗುವುದೂ ಮಳೆ ಆರಂಭವಾಗುವುದೂ ಬಹುಮಟ್ಟಿಗೆ ಒಟ್ಟಿಗೇ. ಹೀಗಾಗಿ, ಕಾರಿನ ಮುಂಗಾಜಿಗೆ ಸವರುವ ‘ನೀರು ನಿಲ್ಲದ ಲೇಪ’ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಕೇವಲ ಕುತೂಹಲದ್ದಲ್ಲ. ಈ ರಸ್ತೆಯೇ ಅದಕ್ಕೆ ಒಳ್ಳೆಯ ಪ್ರಯೋಗಶಾಲೆ.

ಕೆಸುವಿನೆಲೆಯ ಪಾಠ

ಲೇಪದ ಮರ್ಮ ತಿಳಿಯಲು ರಸ್ತೆಬದಿಯ ಚರಂಡಿಯತ್ತ ನೋಡಿದರೆ ಸಾಕು. ಅಲ್ಲಿ ಕೆಸು ಸೊಂಪಾಗಿ ಬೆಳೆದಿರುತ್ತದೆ. ಪತ್ರೊಡೆಗೆಂದು ಎಲೆ ಕೊಯ್ಯುವವರೆಲ್ಲ ಕಂಡಿರುವಂತೆ, ಅದರ ಮೇಲೆ ಬಿದ್ದ ಮಳೆಹನಿ ಹರಡುವುದಿಲ್ಲ. ಪಾದರಸದ ಗುಂಡಿನಂತೆ ಉರುಳಿ ಕೆಳಗೆ ಬೀಳುತ್ತದೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳೂ ಅವುಗಳ ಮೇಲೆ ಮೇಣದ ಹರಳುಗಳೂ ಇವೆ. ನೀರಿನಡಿ ಗಾಳಿ ಸಿಕ್ಕಿಕೊಳ್ಳುವುದರಿಂದ ಹನಿ ಎಲೆಯನ್ನು ತಾಗಿಯೂ ತಾಗದಂತಿರುತ್ತದೆ. ತಾವರೆ ಎಲೆಯ ಈ ಗುಣವನ್ನು ಜರ್ಮನಿಯ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ವಿವರವಾಗಿ ಪ್ರಕಟಿಸಿದರು.

ಹನಿಯ ಅಂಚು ಮೇಲ್ಮೈಯೊಂದಿಗೆ ಮಾಡುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಈ ವಿಚಾರವನ್ನು ಥಾಮಸ್ ಯಂಗ್ 1805ರಷ್ಟು ಹಿಂದೆಯೇ ವಿವರಿಸಿದ್ದ. ಶುಭ್ರವಾದ ಗಾಜಿನ ಮೇಲೆ ಈ ಕೋನ ಬಹಳ ಕಡಿಮೆ, ನೀರು ಹರಡಿಕೊಳ್ಳುತ್ತದೆ. ತಾವರೆ, ಕೆಸುವಿನ ಎಲೆಗಳ ಮೇಲೆ ಅದು 150 ಡಿಗ್ರಿಗೂ ಮೀರುತ್ತದೆ. ಅಂಗಡಿಯಲ್ಲಿ ಸಿಗುವ ಲೇಪಗಳಲ್ಲಿರುವುದು ಸಾಮಾನ್ಯವಾಗಿ ಸಿಲಿಕೋನ್ ಅಥವಾ ಫ್ಲೋರೀನ್ ಸಂಯುಕ್ತಗಳು. ಇವು ಗಾಜಿಗೆ ತೆಳುವಾಗಿ ಅಂಟಿ ಕೋನವನ್ನು ಸುಮಾರು 100ರಿಂದ 110 ಡಿಗ್ರಿಗೆ ಏರಿಸುತ್ತವೆ. ಅಂದರೆ ಲೇಪ ಹಚ್ಚಿದ ಗಾಜು ಕೆಸುವಿನೆಲೆಯಾಗುವುದಿಲ್ಲ. ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಹನಿ ಗುಂಡಗಾಗುತ್ತದೆ ನಿಜ, ಆದರೆ ತಾನಾಗಿ ಉರುಳಿ ಹೋಗುವುದಿಲ್ಲ. ಅದನ್ನು ಯಾರಾದರೂ ತಳ್ಳಬೇಕು.

ತಳ್ಳುವ ಗಾಳಿ

ಆ ತಳ್ಳುವ ಕೆಲಸ ಗಾಳಿಯದು. ವಾಹನ ಓಡುವಾಗ ಎದುರಿನ ಗಾಳಿ ಓರೆಯಾದ ಗಾಜಿನ ಮೇಲೆ ಮೇಲ್ಮುಖವಾಗಿ ಜಾರುತ್ತ ಹನಿಗಳನ್ನು ಚಾವಣಿಯತ್ತ ಓಡಿಸುತ್ತದೆ. ಇದಕ್ಕೆ ಗಂಟೆಗೆ ಹೆಚ್ಚುಕಡಿಮೆ 60 ಕಿ.ಮೀ. ವೇಗವಾದರೂ ಬೇಕು. ತೀರ್ಥಹಳ್ಳಿಯಿಂದ ಇತ್ತಣ ನೇರ ರಸ್ತೆಯ ತುಣುಕುಗಳಲ್ಲಿ, ಹದವಾದ ಮಳೆಯಲ್ಲಿ, ಲೇಪದ ಗುಣ ಚೆನ್ನಾಗಿಯೇ ಕಾಣುತ್ತದೆ. ವೈಪರ್ ಒಮ್ಮೆ ಹೋಗಿ ಮತ್ತೊಮ್ಮೆ ಬರುವ ನಡುವೆಯೂ ಗಾಜು ಬೇಗ ತಿಳಿಯಾಗುತ್ತದೆ.

ಇದು ಬರೀ ಜಾಹೀರಾತಿನ ಮಾತಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ನೀಡಿದ ವರದಿಯಂತೆ, ಲೇಪವಿದ್ದ ಮುಂಗಾಜಿನ ಮೂಲಕ ನೋಡಿದವರು ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ಸೂಕ್ಷ್ಮ ವಿವರಗಳನ್ನು ಗುರುತಿಸಿದರು. ಗುರುತಿಸಲು ತಗಲುವ ಸಮಯ ಒಂದು ಸೆಕೆಂಡಿಗೂ ಹೆಚ್ಚು ಇಳಿಯಿತು. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆಂಬುದನ್ನು ನೆನೆದರೆ ಆ ಒಂದು ಸೆಕೆಂಡಿನ ಬೆಲೆ ತಿಳಿಯುತ್ತದೆ. ರಸ್ತೆಗೆ ಅಡ್ಡ ಬಂದ ದನ, ಕೊಡೆಯಡಿ ನಡೆದುಹೋಗುವ ಶಾಲಾ ಮಕ್ಕಳು ಬದುಕುವುದು ಇಂಥ ಹದಿನೇಳು ಮೀಟರಿನೊಳಗೇ.

ಘಾಟಿಯಲ್ಲಿ ಏನಾಗುತ್ತದೆ?

ಸೂರ್ಯಾಸ್ತದ ಕಟ್ಟೆ ದಾಟಿದ ಕೂಡಲೇ ಲೆಕ್ಕ ಬದಲಾಗುತ್ತದೆ. ತಿರುವುಗಳಲ್ಲಿ ವಾಹನದ ವೇಗ 20 ಕಿ.ಮೀ. ಇದ್ದರೆ ಹೆಚ್ಚು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ವೇಗ 60ರಿಂದ 20ಕ್ಕೆ, ಅಂದರೆ ಮೂರನೇ ಒಂದು ಭಾಗಕ್ಕೆ ಇಳಿದರೆ, ತಳ್ಳುವ ಬಲ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಹನಿಗಳು ಗಾಜಿನ ಮೇಲೆ ಮುತ್ತಿನಂತೆ ಕುಳಿತೇ ಬಿಡುತ್ತವೆ. ಪ್ರತಿ ಹನಿಯೂ ಒಂದು ಪುಟ್ಟ ಮಸೂರ. ಎದುರಿನ ವಾಹನದ ದೀಪ ಒಂದಿದ್ದದ್ದು ನೂರಾಗಿ ಮಿನುಗುತ್ತದೆ. ವೈಪರ್ ನಿಲ್ಲಿಸಿದರೆ ಲೇಪ ಹಚ್ಚದ ಗಾಜಿಗಿಂತಲೂ ಇದೇ ಹೆಚ್ಚು ಕಾಡಬಹುದು. ‘ಲೇಪ ಹಚ್ಚಿದರೆ ವೈಪರ್ ಬೇಡ’ ಎಂಬ ಮಾತನ್ನು ನಂಬಿ ಘಾಟಿ ಇಳಿಯುವುದು ಅಪಾಯವೇ ಸರಿ.

ಬಸ್ಸಿನ ಕಥೆ ಇನ್ನೂ ಬೇರೆ. ಅದರ ಮುಂಗಾಜು ಬಹುಮಟ್ಟಿಗೆ ನೆಟ್ಟಗೆ ನಿಂತಿರುತ್ತದೆ. ಎದುರಿನ ಗಾಳಿ ಗಾಜಿನ ನಡುಭಾಗಕ್ಕೆ ಬಡಿದು ಅಲ್ಲೇ ತಡೆಯುತ್ತದೆ. ಹನಿಯನ್ನು ಒತ್ತುತ್ತದೆಯೇ ಹೊರತು ಪಕ್ಕಕ್ಕೆ ಓಡಿಸುವುದು ಕಡಿಮೆ. ದೊಡ್ಡ ಹನಿಗಳು ತಮ್ಮ ಭಾರಕ್ಕೆ ಜಾರುತ್ತವೆ, ಚಿಕ್ಕವು ಉಳಿಯುತ್ತವೆ. ಹೇರ್‌ಪಿನ್ ತಿರುವಿನಲ್ಲಿ ಚಾಲಕ ನೋಡಬೇಕಾದ ರಸ್ತೆ ಎಷ್ಟೋ ವೇಳೆ ಮುಂಗಾಜಿನಲ್ಲಿರುವುದೇ ಇಲ್ಲ. ವೈಪರ್ ಇಲ್ಲದ ಪಕ್ಕದ ಗಾಜಿನಲ್ಲಿರುತ್ತದೆ. ಅಲ್ಲಿಯೂ ಇದೇ ಕಥೆ.

ಹೊಗೆಸೊಪ್ಪಿನ ಉಪಾಯ

ಹಳೆಯ ಲಾರಿ, ಬಸ್ಸಿನ ಚಾಲಕರು ವೈಪರ್ ಕೈಕೊಟ್ಟಾಗ ಗಾಜಿಗೆ ಹೊಗೆಸೊಪ್ಪನ್ನೋ, ಹೆಚ್ಚಿದ ಆಲೂಗಡ್ಡೆಯನ್ನೋ ಉಜ್ಜುತ್ತಿದ್ದರು. ನಗುವಂಥ ಉಪಾಯವೇನಲ್ಲ. ಅದರ ತತ್ತ್ವ ಲೇಪದ್ದಕ್ಕೆ ಪೂರ್ತಿ ತದ್ವಿರುದ್ಧ. ಸಸ್ಯರಸದ ತೆಳು ಪೊರೆ ನೀರನ್ನು ಓಡಿಸುವುದಿಲ್ಲ, ಬರಮಾಡಿಕೊಳ್ಳುತ್ತದೆ. ಹನಿಗಳು ಒಡೆದು ಒಂದೇ ಸಮನಾದ ಹಾಳೆಯಾಗಿ ಹರಿಯುತ್ತವೆ. ಸಮತಟ್ಟಾದ ನೀರಿನ ಹಾಳೆಯ ಮೂಲಕ ನೋಟ ಅಷ್ಟಾಗಿ ಕೆಡುವುದಿಲ್ಲ. ನೋಟ ಕೆಡಿಸುವುದು ಗುಂಡನೆಯ ಹನಿ. ಕೆಲವು ಕಾರುಗಳ ಪಕ್ಕದ ಕನ್ನಡಿಗಳಿಗೆ ಟೈಟಾನಿಯಂ ಡೈಆಕ್ಸೈಡ್ ಪೊರೆ ಬಳಿಯುವುದೂ ಇದೇ ತತ್ತ್ವದ ಮೇಲೆ. ಹೊಗೆಸೊಪ್ಪಿನ ದೋಷವೆಂದರೆ ಜೋರು ಮಳೆ ಅದನ್ನು ಬೇಗ ತೊಳೆದುಬಿಡುತ್ತದೆ. ಅದು ಆಪತ್ಕಾಲದ ಉಪಾಯ ಮಾತ್ರ.

ವೇಗದ ರಸ್ತೆಗೆ ಹನಿಯನ್ನು ಓಡಿಸುವ ಗಾಜು ಮೇಲು. ನಿಧಾನದ ದಾರಿಗೆ ಹನಿಯನ್ನು ಹರಡಿಸುವ ಗಾಜೇ ವಾಸಿ. ಎರಡೂ ಒಂದೇ ಸೀಸೆಯಲ್ಲಿ ಸಿಗುವುದಿಲ್ಲ.

ಮಂಜಿಗೆ ಮದ್ದಲ್ಲ

ಆಗುಂಬೆಯಲ್ಲಿ ಮಳೆಯ ಜೊತೆಗೆ ಮೋಡವೂ ರಸ್ತೆಗಿಳಿಯುತ್ತದೆ. ಆ ಮಂಜು ಗಾಜಿನ ಆಚೆ, ಗಾಳಿಯಲ್ಲಿರುವುದರಿಂದ ಯಾವ ಲೇಪವೂ ಅದನ್ನು ಸರಿಸಲಾರದು. ತಗ್ಗಿಸಿದ ದೀಪ, ಇನ್ನೂ ತಗ್ಗಿಸಿದ ವೇಗ, ತಿರುವಿನಲ್ಲಿ ಹಾರನ್, ಇಷ್ಟೇ ದಾರಿ. ದೀಪ ಎತ್ತಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ಮರಳುತ್ತದೆ.

ಇನ್ನೊಂದು ಮಸುಕು ಗಾಜಿನ ಒಳಗಿನದು. ಕಿಟಕಿ ಮುಚ್ಚಿ, ಒದ್ದೆ ಕೊಡೆ ಚೀಲಗಳೊಂದಿಗೆ ಆರೇಳು ಮಂದಿ ಕುಳಿತರೆ ಉಸಿರಿನ ತೇವವೇ ತಣ್ಣನೆಯ ಗಾಜಿನ ಮೇಲೆ ಹಬೆಯಾಗುತ್ತದೆ. ಹೊರಗಿನ ಲೇಪ ಇಲ್ಲಿ ನಿರುಪಯೋಗಿ. ಎ.ಸಿ. ಹಾಕಿ ಗಾಳಿಯನ್ನು ಮುಂಗಾಜಿನತ್ತ ತಿರುಗಿಸಬೇಕು. ಅದಿಲ್ಲದಿದ್ದರೆ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಬೇಕು.

ಮನೆಯಲ್ಲೇ ಪರೀಕ್ಷೆ

ವಿದ್ಯಾರ್ಥಿಗಳು ಇದನ್ನೆಲ್ಲ ಜಗಲಿಯ ಮೇಲೆ ಕುಳಿತೇ ಪರೀಕ್ಷಿಸಬಹುದು. ಅಂಚು ಉಜ್ಜಿದ ಮೂರು ಗಾಜಿನ ತುಂಡುಗಳು ಸಾಕು. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ಮೇಣದಬತ್ತಿ ತಿಕ್ಕಿ ಬಟ್ಟೆಯಿಂದ ಒರೆಸಿ. ಮೂರನೆಯದಕ್ಕೆ ಸಾಬೂನು ತೆಳುವಾಗಿ ಸವರಿ ಒಣಗಿಸಿ. ಮೂರರ ಮೇಲೂ ನೀರು ಚಿಮುಕಿಸಿ, ಓರೆಯಾಗಿ ಹಿಡಿದು ಬೀಸಣಿಗೆಯಿಂದ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಗಾಳಿ ಹಾಕಿ. ಗಾಜಿನ ಹಿಂದೆ ಪುಸ್ತಕ ಹಿಡಿದು ಯಾವುದರ ಮೂಲಕ, ಯಾವ ಗಾಳಿಗೆ ಅಕ್ಷರ ಚೆನ್ನಾಗಿ ಕಾಣುತ್ತದೆಂದು ಬರೆದುಕೊಳ್ಳಿ. ಈ ಮೇಣದ ಪ್ರಯೋಗ ಕಾರಿನ ಗಾಜಿನ ಮೇಲೆ ಮಾತ್ರ ಬೇಡ. ರಾತ್ರಿ ಕಣ್ಣು ಕುಕ್ಕುತ್ತದೆ.

ಲೇಪ ಕೊಳ್ಳುವ ಹಿರಿಯರಿಗೂ ಎರಡು ಮಾತು. ಗಾಜನ್ನು ಜಿಡ್ಡಿಲ್ಲದಂತೆ ತೊಳೆದು ಒಣಗಿಸಿದ ಮೇಲೆಯೇ ಹಚ್ಚಬೇಕು. ಹೆಚ್ಚಾದದ್ದನ್ನು ಪೂರ್ತಿ ಒರೆಸದಿದ್ದರೆ ಅದೇ ಮಬ್ಬಾಗುತ್ತದೆ. ವೈಪರಿನ ತಿಕ್ಕಾಟ, ಬಿಸಿಲುಗಳಿಂದ ಲೇಪ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಸವೆಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರಿದ ವೈಪರ್ ರಬ್ಬರನ್ನು ಮೇ ತಿಂಗಳಲ್ಲೇ ಬದಲಿಸುವುದು ಮೊದಲ ಖರ್ಚಾಗಲಿ, ಲೇಪ ಎರಡನೆಯದು.

ಹದಿನಾಲ್ಕನೆಯ ತಿರುವು ಮುಗಿದು ಸೋಮೇಶ್ವರ ಬಂದ ಮೇಲೆ ಹೆಬ್ರಿಯತ್ತ ರಸ್ತೆ ಮತ್ತೆ ನೇರವಾಗುತ್ತದೆ. ಘಾಟಿಯಲ್ಲಿ ಸುಮ್ಮನೆ ಕುಳಿತಿದ್ದ ಹನಿಗಳು ಅಲ್ಲಿ ಮತ್ತೆ ಓಡತೊಡಗುತ್ತವೆ. ಗಾಜು ತಿಳಿಯಾಯಿತೆಂದು ವೇಗ ಹೆಚ್ಚಿಸುವ ಆಸೆಯೂ ಆಗ ಹುಟ್ಟುತ್ತದೆ. ಲೇಪ ತಿಳಿಗೊಳಿಸುವುದು ಗಾಜನ್ನು ಮಾತ್ರ. ಒದ್ದೆ ರಸ್ತೆಯ ಮೇಲೆ ಟೈರು ಜಾರುವುದನ್ನು ಅದು ತಡೆಯಲಾರದು.